ಗೇಟಿನ ಗಂಟು ಬಿಚ್ಚದ ಕಾದಂಬರಿ

ಪಶ್ಚಿಮ ಐರ್ಲೆಂಡಿನ ಪುಟ್ಟ ಹಳ್ಳಿ, ಮದುವೆಯಾಗದೆ ಒಂಟಿಯಾಗಿ ಉಳಿದ ಮುದಿ ರೈತ, ಉರುವಲಿಗೆ ಟರ್ಫ್ ಕಡಿಯುವ ಜೌಗು ನೆಲದ ಕಾಲುವೆಯಲ್ಲಿ ಎರಡು ದಿನ ಯಾರ ಕಣ್ಣಿಗೂ ಬೀಳದ ಅವನ ಹೆಣ. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿರಲಿಲ್ಲ. ಮೇಯೋ ಕೌಂಟಿಯ ಅಂಥದೇ ಊರೊಂದರಲ್ಲಿ ಕೆಲಸದ ನಿಮಿತ್ತ ನೆಲೆಸಿರುವ ನಾನು, ಅಕ್ಟೋಬರ್ ಕೊನೆಯ ಸೋಮವಾರದ ಸಾರ್ವಜನಿಕ ರಜೆಯನ್ನು ಈ ಪುಸ್ತಕಕ್ಕೇ ಮೀಸಲಿಟ್ಟೆ. ಹೊರಗೆ ಮಳೆ ಬಿಡುವ ಲಕ್ಷಣವಿರಲಿಲ್ಲ. ಮಧ್ಯಾಹ್ನದವರೆಗೆ ಪುಸ್ತಕ ಕೆಳಗಿಡುವ ಮನಸ್ಸೂ ಬರಲಿಲ್ಲ.

ಸತ್ತವನ ಹೊಲದ ನಡುವೆ ಹಾದುಹೋಗುವ ದಾರಿಯ ಬಗ್ಗೆ ಅವನಿಗೂ ತಮ್ಮನ ಮಗನಿಗೂ ವ್ಯಾಜ್ಯವಿತ್ತೆಂಬುದು ಮೊದಲಲ್ಲೇ ತಿಳಿಯುತ್ತದೆ. ಬದುವಿನ ಜಗಳ ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1879ರಲ್ಲಿ ಗೇಣಿದಾರರ ಭೂ ಹೋರಾಟ ಹೊತ್ತಿಕೊಂಡದ್ದು ಇದೇ ಮೇಯೋದಲ್ಲಿ. 1903ರ ವಿಂಡ್‌ಹ್ಯಾಮ್ ಕಾಯ್ದೆಯ ನಂತರವೇ ಬಹಳಷ್ಟು ಕುಟುಂಬಗಳು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದವು. ಅಷ್ಟು ಕಷ್ಟಪಟ್ಟು ದಕ್ಕಿದ ನೆಲವನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. 1958ರಲ್ಲಿ ಕೆರ್ರಿ ಕೌಂಟಿಯಲ್ಲಿ ಗಡಿ ವಿವಾದದಲ್ಲಿದ್ದ ರೈತನೊಬ್ಬನ ಕೊಲೆಯಾಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಅದರಿಂದ ಪ್ರೇರಣೆ ಪಡೆದ ಜಾನ್ ಬಿ. ಕೀನ್ ಅವರ ‘ದಿ ಫೀಲ್ಡ್’ ನಾಟಕ 1965ರಲ್ಲಿ ರಂಗಕ್ಕೆ ಬಂತು. ಆ ನಾಟಕದಲ್ಲಿ ಕೊಂದವನು ಯಾರೆಂಬುದು ಊರಿಗೇ ಗೊತ್ತು, ಬಾಯಿ ಬಿಡುವವರು ಮಾತ್ರ ಇಲ್ಲ. ನನ್ನ ಕೈಯಲ್ಲಿದ್ದ ಕಾದಂಬರಿಯೂ ಅದೇ ಮೌನದ ಒಳಗೆ ಇಳಿಯುತ್ತದೆಂದು ನಂಬಿದ್ದೆ.

ನಂಬಿಕೆಗೆ ಆಧಾರವೂ ಇತ್ತು. ಹೊಲದ ಕಬ್ಬಿಣದ ಗೇಟನ್ನು ಹುಲ್ಲಿನ ಕಂತೆ ಕಟ್ಟುವ ನೀಲಿ ಪ್ಲಾಸ್ಟಿಕ್ ಹುರಿಯಿಂದ ಬಿಗಿದಿರುವುದನ್ನು ಪೊಲೀಸ್ ಅಧಿಕಾರಿ ನೋಡುತ್ತಾನೆ. ಹುರಿ ಹೊಸದು, ಎರಡು ಸುತ್ತು ಹಾಕಿದೆ, ಗಂಟು ಮಾತ್ರ ಒಳಬದಿಯಲ್ಲಿದೆ. ಹಾಗಾದರೆ ಕಟ್ಟಿದವನು ಹೊಲದೊಳಗೆ ನಿಂತು ಕಟ್ಟಿ, ರಸ್ತೆಗೆ ಬಾರದೆ ಆಚೆಗೆ ನಡೆದುಹೋಗಿದ್ದಾನೆ. ಆಚೆಗಿರುವುದು ತಮ್ಮನ ಮಗನ ಮನೆಯೊಂದೇ. ಇಷ್ಟು ಅಚ್ಚುಕಟ್ಟಾದ ಸುಳಿವನ್ನು ಇಷ್ಟು ಸದ್ದಿಲ್ಲದೆ ಇಟ್ಟ ಲೇಖಕರ ಬಗ್ಗೆ ನನಗೆ ನಿಜಕ್ಕೂ ಗೌರವ ಮೂಡಿತು.

ಆದರೆ ಆ ಗೇಟಿನ ಮಾತು ಮತ್ತೆ ಬರುವುದೇ ಇಲ್ಲ. ಕೊನೆಯ ಕೆಲವೇ ಅಧ್ಯಾಯಗಳು ಉಳಿದಿರುವಾಗ ಡಬ್ಲಿನ್ನಿನಿಂದ ರಿಯಲ್ ಎಸ್ಟೇಟ್ ವ್ಯಾಪಾರಿಯೊಬ್ಬ ಬರುತ್ತಾನೆ, ಅವನೇ ಕೊಲೆಗಾರನೆಂದು ತೀರ್ಮಾನವಾಗುತ್ತದೆ, ಅವನ ಹಳೆಯ ದ್ವೇಷವನ್ನು ಅವನ ಬಾಯಿಂದಲೇ ಹೇಳಿಸಲಾಗುತ್ತದೆ. ಪಾದ್ರಿ, ಅಂಚೆ ಕಚೇರಿಯ ಹೆಂಗಸು, ಪಬ್ಬಿನ ಯಜಮಾನ, ತಮ್ಮನ ಮಗ, ಎಲ್ಲರೂ ತಾವು ಬಚ್ಚಿಟ್ಟದ್ದಕ್ಕೆ ಲೆಕ್ಕ ಕೊಡದೆ ನಿರಾಳರಾಗುತ್ತಾರೆ. ಹಳ್ಳಿಯ ಕೊಲೆಯನ್ನು ಹೊರಗಿನವನ ತಲೆಗೆ ಕಟ್ಟಿದರೆ ಆ ಹಳ್ಳಿಯನ್ನು ಅಷ್ಟು ಹೊತ್ತು ನಮಗೆ ಪರಿಚಯಿಸಿದ್ದಾದರೂ ಏತಕ್ಕೆ? ಇದು ಓದುಗರಿಗೆ ಮಾಡಿದ ಅನ್ಯಾಯವೆಂದೇ ನನ್ನ ಭಾವನೆ.

ಊರಿನ ಚಿತ್ರಣವೂ ತೆಳುವಾಗಿದೆ. ಸಮವಸ್ತ್ರದ ಸಾರ್ಜೆಂಟ್ ಪಿಸ್ತೂಲು ಎಳೆಯುತ್ತಾನೆ. 1922ರಲ್ಲಿ ಆರಂಭವಾದ ಐರಿಶ್ ಪೊಲೀಸ್ ಪಡೆಯಾದ ಗಾರ್ಡಾದ ಸಮವಸ್ತ್ರಧಾರಿಗಳು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವುದೇ ಇಲ್ಲ. ಸತ್ತವರ ಮನೆಯಲ್ಲಿ ನಡೆಯುವ ‘ವೇಕ್’ ಅರ್ಧ ಪುಟದಲ್ಲಿ ಮುಗಿದುಹೋಗುತ್ತದೆ. ನಾನು ಹೋಗಿದ್ದ ವೇಕ್‌ನಲ್ಲಿ ಸಾಲು ಅಂಗಳ ದಾಟಿ ರಸ್ತೆಯವರೆಗೆ ನಿಂತಿತ್ತು. ಬಂದವರೆಲ್ಲ ತೆರೆದ ಪೆಟ್ಟಿಗೆಯ ಬಳಿ ಕೂತ ಮನೆಯವರ ಕೈಹಿಡಿದು ಒಂದೇ ಸಾಂತ್ವನದ ಮಾತು ಹೇಳಿ ಅಡುಗೆಮನೆಗೆ ಹೋಗುತ್ತಿದ್ದರು; ಅಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್, ಸತ್ತವರ ಬಗ್ಗೆ ಮುಗಿಯದ ಮಾತು. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಊರು ಗಮನಿಸುತ್ತದೆ. ಪತ್ತೇದಾರನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೊಂದಿಲ್ಲ, ಆದರೆ ಕಾದಂಬರಿಯ ಪತ್ತೇದಾರ ಆ ಮನೆಯೊಳಗೆ ಕಾಲಿಡುವುದೇ ಇಲ್ಲ.

ಮರುದಿನ ಪಕ್ಕದ ಮನೆಯ ಹಿರಿಯ ಮಹಿಳೆಗೆ ಕಥೆಯನ್ನೆಲ್ಲ ಹೇಳಿದೆ. ಜೀವಮಾನವಿಡೀ ದನ ಸಾಕಿದ ಅವರು ಕೊಲೆಗಾರನ ಬಗ್ಗೆ ಏನೂ ಕೇಳಲಿಲ್ಲ. ಹೆಣ ಕಾಲುವೆಯಲ್ಲಿದ್ದ ಆ ಎರಡು ದಿನ ಕೊಟ್ಟಿಗೆಯ ದನಗಳಿಗೆ ಮೇವು ಹಾಕಿದವರು ಯಾರು ಎಂದಷ್ಟೇ ಕೇಳಿದರು. ಹೆಣ ಸಿಕ್ಕ ಬೆಳಿಗ್ಗೆ ದನಗಳು ಹೊಟ್ಟೆ ತುಂಬಿ ಮಲಗಿದ್ದವೆಂದು ಪುಸ್ತಕದಲ್ಲೇ ಇದೆ. ಅದು ಹೇಗೆಂದು ಯಾವ ಪಾತ್ರವೂ ವಿಚಾರಿಸುವುದಿಲ್ಲ.