ನಾನೂರು ಗಜದ ಗುಂಡು, ನಲವತ್ತು ಗಜದ ತೋಟ

ರಾತ್ರಿ ರೈಲಿನಿಂದ ಶಿವಮೊಗ್ಗದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಜೊತೆಗೆ ದೊಡ್ಡಪ್ಪನ ಮಗ, ನಮ್ಮಣ್ಣ. ಕೊಲರಾಡೊ ಸೇರಿ ಹದಿನೆಂಟು ವರ್ಷ ಆಗಿದೆ, ಊರಿಗೆ ಬರುತ್ತಿದ್ದುದು ಆರು ವರ್ಷದ ಮೇಲೆ. ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕುಡಿದು ತೀರ್ಥಹಳ್ಳಿ ಬಸ್ಸು ಹತ್ತಿದೆವು. ಗಾಜನೂರು ಬರುವ ಹೊತ್ತಿಗೆ ತುಂಗೆಯ ಮೇಲೆ ಮಂಜು ಹಾಸಿತ್ತು. ಸಕ್ರೆಬೈಲಿನಲ್ಲಿ ಆನೆ ಕಾಣುತ್ತಾವೇನೋ ಅಂತ ನಾನು ಕಿಟಕಿಗೆ ಮೂಗು ಒತ್ತಿ ಕೂತಿದ್ದೆ. ಅಣ್ಣನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು.

"ವಾಪಸ್ ಹೋದಮೇಲೆ ಒಂದು ರೈಫಲ್ ತಗೋಬೇಕು ಕಣೋ. ಯಾವ ತೋಟಾ ಅಂತಾನೇ ತೀರ್ಮಾನ ಆಗ್ತಿಲ್ಲ."

ತೋಟಾ ಅಂದರೆ ಗುಂಡು, ಮದ್ದು ಎಲ್ಲ ಸೇರಿದ ಕಾರ್ಟ್ರಿಜ್. ಅಲ್ಲಿ ವಯೋಮಿಂಗ್ ಕಡೆ ಅವನ ಗೆಳೆಯನೊಬ್ಬನಿಗೆ ದನದ ಹುಲ್ಲುಗಾವಲು ಇದೆಯಂತೆ. ಅದರ ತುಂಬ ಪ್ರೇರಿ ಡಾಗ್. ಹೆಸರಲ್ಲಿ ನಾಯಿ ಇದ್ದರೂ ನಾಯಿ ಅಲ್ಲ. ಅಳಿಲಿನ ಕುಲದ್ದು, ನೆಲ ತೋಡಿ ಊರಿನ ಹಾಗೆ ಬಿಲ ಮಾಡಿಕೊಂಡು ಬದುಕುತ್ತೆ. ದನಕ್ಕೆ ಬೇಕಾದ ಹುಲ್ಲನ್ನೇ ತಿನ್ನುತ್ತೆ ಅಂತ ಅಲ್ಲಿನವರಿಗೆ ಅದೊಂದು ಪೀಡೆ. ಹೊಡೆಯುವವರು ದೂರದಲ್ಲಿ ಮೇಜು ಹಾಕಿಕೊಂಡು ಕೂರುತ್ತಾರೆ. ಇನ್ನೂರು, ಮುನ್ನೂರು, ನಾನೂರು ಗಜ. ಗುರಿ ಎದ್ದು ನಿಂತರೆ ಒಂದಡಿ ಎತ್ತರ, ಅಗಲ ಅಂಗೈಯಷ್ಟು. ಕೇಳಿ ನನಗೆ ಸ್ವಲ್ಪ ಕಸಿವಿಸಿಯೇ ಆಯಿತು. ಮನೆಗೆ ಹೋದಮೇಲೆ ಚಿಕ್ಕಪ್ಪ ಇವನನ್ನು ವಿಚಾರಿಸಿಕೊಳ್ಳುತ್ತಾರೆ ಅಂತ ಸುಮ್ನಾದೆ.

ಚಿಕ್ಕಪ್ಪನ ಮನೆ ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ. ರಸ್ತೆ ಬಿಟ್ಟು ಒಂದು ಮೈಲಿ ನಡೆಯಬೇಕು. ನವೆಂಬರ್ ತಿಂಗಳು, ಗದ್ದೆ ಹಳದಿಗೆ ತಿರುಗಿತ್ತು, ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಕೆಲಸ ನಡೆದಿತ್ತು. ಚಿಕ್ಕಮ್ಮ ಕಡುಬು, ಕೋಳಿ ಸಾರು ಮಾಡಿಟ್ಟಿದ್ದರು. ತಿಂದು ಜಗಲಿಗೆ ಬಂದಾಗ ಗೋಡೆಗೆ ಒರಗಿಸಿಟ್ಟ ಕೋವಿ ಅಣ್ಣನ ಕಣ್ಣಿಗೆ ಬಿತ್ತು. ಹನ್ನೆರಡು ಬೋರಿನ ಒಂಟಿ ನಳಿಗೆ, ಬೆಳೆ ರಕ್ಷಣೆಗೆ ಪರವಾನಗಿ ಪಡೆದದ್ದು. ಅಜ್ಜನ ಕಾಲದ ಕೇಪಿನ ಕೋವಿಯನ್ನು ಬಿಟ್ಟು ಚಿಕ್ಕಪ್ಪ ತೆಗೆದುಕೊಂಡದ್ದು ಇದು. ಚುನಾವಣೆ ಬಂತು ಅಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. "ಹಂದಿಗೆ ನೀತಿಸಂಹಿತೆ ಇಲ್ಲ ಮಾರಾಯ, ಅದು ಫಲಿತಾಂಶದವರೆಗೂ ಕಾಯಲ್ಲ" ಅನ್ನುವುದು ಚಿಕ್ಕಪ್ಪನ ಹಳೇ ದೂರು. ಹಾಗಂತ ಅವರು ಹಂದಿ ಹೊಡೆಯುವವರೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತು ಮುಗಿಯಿತು. ಕೋವಿ ಇರುವುದು ಸದ್ದಿಗೆ. ಗದ್ದೆ ಕಾಯುವ ಮಾಳದಲ್ಲಿ ಕೂತು ಆಕಾಶಕ್ಕೊಂದು ಈಡು, ಅಷ್ಟೇ.

ಅಣ್ಣ ತನ್ನ ಸಮಸ್ಯೆ ಹರವಿಕೊಂಡ. ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ. ವಿಮಾನದಲ್ಲಿ ತೋಟಾದ ಖಾಲಿ ಕೇಸು ತಂದರೂ ಪಜೀತಿ. ಹಾಗಾಗಿ ಚಿಕ್ಕಪ್ಪನ ಒಂದು ತೋಟಾ, ನಾಲ್ಕು ಅಡಿಕೆ, ತಂಗಿಯ ಮಗನ ಪೆನ್ಸಿಲ್ಲು ಇಟ್ಟುಕೊಂಡು ಪಾಠ ಶುರುವಾಯಿತು.

"ಇದರಲ್ಲಿ ಹತ್ತಿರ ಹತ್ತಿರ 30 ಗ್ರಾಂ ಸೀಸದ ಚರೆ ಇರುತ್ತೆ. ನಾನು ಹೇಳ್ತಿರೋ ಗುಂಡು 55 ಗ್ರೇನ್. ಗ್ರಾಮಿನಲ್ಲಿ ಮೂರೂವರೆ."

"ಮೂರೂವರೆ ಗ್ರಾಂ? ನಿನ್ನ ಚಿಕ್ಕಮ್ಮನ ಉಂಗುರದಷ್ಟು!" ಚಿಕ್ಕಪ್ಪ ನಕ್ಕರು. "ಅದು ಎಂಥಕ್ಕೆ ಸಾಕು?"

ಸಾಕಾಗುವುದು ವೇಗದಿಂದ. .223 ರೆಮಿಂಗ್ಟನ್ ಅನ್ನುವ ತೋಟಾ ಆ ಗುಂಡನ್ನು ಸೆಕೆಂಡಿಗೆ ಸುಮಾರು 3,240 ಅಡಿಯಲ್ಲಿ ಕಳಿಸುತ್ತೆ. ಅದೇ ಗುಂಡು .22-250ಯಲ್ಲಿ 3,680 ಅಡಿ. ಈ ಎರಡನೆಯದರ ಹುಟ್ಟು ನನಗೆ ಇಷ್ಟವಾಯಿತು. 1915ರಲ್ಲಿ ಬಂದ .250 ಸ್ಯಾವೇಜ್ ತೋಟಾದ ಕತ್ತು ಹಿಸುಕಿ, ಅದಕ್ಕೆ ಸಣ್ಣ ಗುಂಡು ಕೂರಿಸಿ ಹವ್ಯಾಸಿಗಳು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರಂತೆ. ಎಷ್ಟೋ ವರ್ಷ ಹಾಗೇ ನಡೆದು, 1965ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ತನ್ನ ಹೆಸರಲ್ಲಿ ಮಾರಿತು. ಇನ್ನೂ ಹಿಂದಿನದು 1935ರ .220 ಸ್ವಿಫ್ಟ್. ಹಗುರ ಗುಂಡಾದರೆ 4,000 ಅಡಿ ದಾಟಿಸುತ್ತೆ, ಆದರೆ ನಳಿಗೆಯನ್ನು ಬೇಗ ತಿಂದು ಹಾಕುತ್ತೆ ಅನ್ನುವ ಹೆಸರೂ ಇದೆ. 2004ರ .204 ರೂಗರ್‌ಗೆ ಒದೆತ ಕಡಿಮೆ. ರೈಫಲ್ ಮೇಲಿನ ದುರ್ಬೀನು ಕುಪ್ಪಳಿಸುವುದಿಲ್ಲ, ಗುಂಡು ಬಿದ್ದ ಜಾಗ ಹೊಡೆದವನಿಗೇ ಕಾಣುತ್ತೆ. .17 ಎಚ್‌ಎಂಆರ್ ಪುಟಾಣಿ, ಗುಂಡು ಒಂದು ಗ್ರಾಮಿಗಿಂತ ಚೂರು ಜಾಸ್ತಿ. 150 ಗಜದಾಚೆ ಗಾಳಿ ಹೇಳಿದ ಹಾಗೆ ಕೇಳುತ್ತೆ.

ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ, ಒಂದೇ ಕೇಳಿದರು. "ತಪ್ಪಿದ ಗುಂಡು ಎಲ್ಲಿಗೆ ಹೋಗ್ತದೆ?"

ಅಣ್ಣ ಒಂದು ಕ್ಷಣ ಸುಮ್ಮನಾದ. ಆಮೇಲೆ ಹೇಳಿದ. ಈ ಹಗುರ ಗುಂಡುಗಳ ಹೊದಿಕೆ ತೆಳು. ಆ ವೇಗದಲ್ಲಿ ನೆಲ ತಾಗಿದರೆ ಸಾಮಾನ್ಯವಾಗಿ ಪುಡಿಯಾಗುತ್ತೆ, ನೆಗೆದು ಮುಂದೆ ಹೋಗುವುದು ಕಡಿಮೆ. ಮಾಮೂಲಿ .22ರ ನಿಧಾನದ ಸೀಸದ ಗುಂಡೇ ಕಲ್ಲಿಗೋ ನೀರಿಗೋ ಬಡಿದು ಹಾರುವುದು. ಆದರೂ ಬೆನ್ನಿಗೆ ಮಣ್ಣಿನ ದಿಬ್ಬ ಇಲ್ಲದೆ ಯಾರೂ ಕೋವಿಯ ಕುದುರೆ ಎಳೆಯಬಾರದು. ಚಿಕ್ಕಪ್ಪನಿಗೆ ಅದು ಹೊಸದಲ್ಲ. "ದರೆ ಇಲ್ಲದ ಕಡೆ ಈಡು ಇಲ್ಲ ಅಂತ ಅಪ್ಪಯ್ಯ ಹೇಳ್ತಿದ್ರು. ಇಲ್ಲಿ ಪೊದೆಯ ಹಿಂಡಿನಾಚೆ ಹುಲ್ಲು ಕೊಯ್ಯೋರು ಇರ್ತಾರೆ."

ಪ್ರೇರಿ ಡಾಗ್‌ಗಳಿಗೆ ಪ್ಲೇಗು ಬರುತ್ತದಂತೆ, ಚಿಗಟದಿಂದ. ಒಂದು ಇಡೀ ಬಿಲದೂರು ಸತ್ತು ಮಲಗಿಬಿಡುತ್ತೆ. ಸತ್ತದ್ದನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಇದನ್ನು ಕೇಳಿ ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತರು. ಮಂಗನ ಕಾಯಿಲೆ ಕಂಡ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕೇ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗ ಸಾಯತೊಡಗಿ, ಉಣುಗಿನಿಂದ ಜನಕ್ಕೂ ಹತ್ತಿದ ಕಾಯಿಲೆ ಅದು. ಇವತ್ತಿಗೂ ಬೇಸಿಗೆ ಹತ್ತಿರವಾದರೆ ಮೈಗೆ ಹಚ್ಚುವ ಎಣ್ಣೆ ಹಂಚುತ್ತಾರೆ, ಸತ್ತ ಮಂಗ ಕಂಡರೆ ಇಲಾಖೆಗೆ ತಿಳಿಸಬೇಕು. "ಅಲ್ಲೂ ಇದೇ ಹಣೆಬರಹವಾ?" ಅಂದು ಚಿಕ್ಕಮ್ಮ ಒಳಗೆ ಹೋದರು.

ಮಾರನೇ ದಿನ ಕುಂದಾದ್ರಿ. ಗುಡ್ಡೇಕೇರಿಯಲ್ಲಿ ತಿರುಗಿ ಜೀಪು ಸುತ್ತಿ ಸುತ್ತಿ ಹತ್ತಿತು, ಕೊನೆಗೆ ಮೆಟ್ಟಿಲು. ಬಂಡೆಯ ಮೇಲೆ ಪಾರ್ಶ್ವನಾಥನ ಬಸದಿ, ಪಕ್ಕದಲ್ಲಿ ಕಲ್ಲಿನ ಕೊಳ. ಇರುವೆಯನ್ನೂ ನೋಡಿ ನಡೆಯುವವರ ಕ್ಷೇತ್ರದಲ್ಲಿ ನಿಂತು ಗುಂಡಿನ ಲೆಕ್ಕ ಹಾಕುವುದು ನನಗೆ ಮುಜುಗರ. ಅಣ್ಣನಿಗೂ ಅನಿಸಿರಬೇಕು, ಬಸದಿಯಿಂದ ದೂರ ಹೋಗಿ ಬಂಡೆಯಂಚಿಗೆ ಕೂತು ಜೇಬಿನಿಂದ ದೂರ ಅಳೆಯುವ ಯಂತ್ರ ತೆಗೆದ. ಗಾಲ್ಫ್ ಆಡುವವರೂ ಇಟ್ಟುಕೊಳ್ಳುವಂಥದ್ದು. ಮುಷ್ಟಿಯಷ್ಟು ದಪ್ಪ, ಒಳಗೆ ಕೆಂಪು ಅಂಕಿ ಹೊಳೆಯುತ್ತೆ. ಕೆಳಗಿನ ಒಂಟಿ ಮರ ತೋರಿಸಿದ. 412 ಗಜ.

"ಇಷ್ಟು ದೂರಕ್ಕೆ ನೋಡು" ಅಂದು ಒಂದು ಚಿಟಿಕೆ ಒಣ ಹುಲ್ಲು ಗಾಳಿಗೆ ಬಿಟ್ಟ. ಹುಲ್ಲು ನಮ್ಮ ಎಡಕ್ಕೆ ಹಾರಿತು. ಕೆಳಗೆ ಆ ಮರದ ಎಲೆ ಬಲಕ್ಕೆ ಬಾಗುತ್ತಿತ್ತು. ಎರಡು ಗಾಳಿ! ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿಗೆ ನಾನೂರು ಗಜದಲ್ಲಿ .223ರ ಗುಂಡು ಹತ್ತಿರ ಹತ್ತಿರ ಎರಡಡಿ ಸರಿಯುತ್ತೆ. .22-250 ಆದರೆ ಅದಕ್ಕಿಂತ ನಾಲ್ಕೈದು ಇಂಚು ಕಡಿಮೆ. ಆ ನಾಲ್ಕೈದು ಇಂಚಿಗಾಗಿ 25 ಗ್ರೇನ್ ಮದ್ದಿನ ಬದಲು 35 ಗ್ರೇನ್ ಸುಡಬೇಕು. ನಳಿಗೆ ಬೇಗ ಕಾಯುತ್ತೆ, ಆರುವವರೆಗೆ ಕಾಯಬೇಕು, ತೋಟಾಕ್ಕೆ ಕಾಸೂ ಜಾಸ್ತಿ. ಗಾಳಿ ಓದಲು ಬರದವನಿಗೆ ಎರಡೂ ಒಂದೇ ಅಲ್ವಾ, ಅಂದೆ. ಅಣ್ಣ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಮೋಡ ಬಂದು ಮರ, ಗದ್ದೆ ಎಲ್ಲ ಮುಚ್ಚಿಹೋಯಿತು. ಯಂತ್ರ ಮೂರು ಗೆರೆ ತೋರಿಸಿ ಸುಮ್ಮನಾಯಿತು. ಇಳಿಯುವಾಗ ತಾನಾಗೇ ಹೇಳಿದ. "ಟೂ ಟ್ವೆಂಟಿತ್ರೀನೇ ತಗೋತೀನಿ. ನಳಿಗೆಯೊಳಗೆ ಗುಂಡನ್ನು ತಿರುಗಿಸೋ ತಿರುಪಿನ ಸುತ್ತು ಬಿಗಿ ಇರೋದು. ಮುಂದೆ ಬೇಕಾದ್ರೆ ಉದ್ದದ, ಭಾರದ ಗುಂಡೂ ಹಾಕಬಹುದು, ಗಾಳಿಗೆ ಅದೇ ವಾಸಿ."

ಸಂಜೆ ಚಿಕ್ಕಪ್ಪನ ಕೈಗೆ ಯಂತ್ರ ಸಿಕ್ಕಿತು. ಗಜ ಅಂದಕೂಡಲೇ ಅವರಿಗೆ ಸಲೀಸು, ಮೂರಡಿಗೆ ಒಂದು. ಜಗಲಿಯಿಂದ ಕೊಟ್ಟಿಗೆಗೆ 38. ತೋಟದೊಳಗೆ ಎಲ್ಲಿ ಹಿಡಿದರೂ ಇಪ್ಪತ್ತು, ಮೂವತ್ತಕ್ಕೆ ಒಂದು ಅಡಿಕೆ ಮರ ಅಡ್ಡ, ತೀರಾ ದೂರ ಅಂದರೆ ನಲವತ್ತು. ಮಾಳದಿಂದ ಗದ್ದೆ ಸಾಲಿನಾಚೆ ದರೆಗೆ 163. ಇಡೀ ಜಮೀನಿನಲ್ಲಿ ಕಣ್ಣು ಹಾಯುವ ಅತಿ ದೂರ ಅದೇ. "ನಿನ್ನ ನಾನೂರು ಗಜ ಇಲ್ಲಿ ಇಡೋಕೆ ಜಾಗನೇ ಇಲ್ಲ" ಅಂತ ಗೆದ್ದವರ ಹಾಗೆ ಹೇಳಿದರು. ಆ ರಾತ್ರಿ ಹಂದಿ ಬಂತು. ಮಾಳದಿಂದ ಒಂದು ಈಡು ಕೇಳಿಸಿತು, ಗುಡ್ಡ ಅದನ್ನು ಎರಡು ಸಲ ಹೇಳಿತು. ಬೆಳಿಗ್ಗೆ ನೋಡಿದರೆ ಗದ್ದೆಯ ಮೂಲೆಯೊಂದು ಕಂಬಳಿ ಹೊದ್ದು ಹೊರಳಾಡಿದ ಹಾಗೆ ಮಲಗಿತ್ತು.

ಹೊರಡುವ ದಿನ ಚಿಕ್ಕಪ್ಪ ಅಂಗಳದ ತುದಿಯಲ್ಲಿ ನಿಂತು ಯಂತ್ರವನ್ನು ಪಕ್ಕದ ತೋಟದ ಬೇಲಿಗೆ ಹಿಡಿದಿದ್ದರು. ಒಂದು ಸಲ ನೋಡಿ, ಕಣ್ಣು ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

"ನೋಡಾ, 71. ಅಪ್ಪಯ್ಯನ ಕಾಲದಲ್ಲಿ 75 ಗಜ ಇತ್ತು. ನಾಲ್ಕು ಗಜ ಒಳಗೆ ಬಂದಿದಾನೆ ಇವ." ಯಂತ್ರವನ್ನು ಅಂಗಿ ಜೇಬಿಗೆ ಹಾಕಿಕೊಂಡರು. "ಇದು ಇಲ್ಲೇ ಇರ್ಲಿ ಬಿಡು. ನೀನು ಅಲ್ಲಿ ಇನ್ನೊಂದು ತಗಾ."