ಬೇರೆಯವರ ಓಟಿ
6 ಆಗಸ್ಟ್ 2025, ಬುಧವಾರ ರಾತ್ರಿ, ಸಾಗರ

ಮಳೆ ಬಿಡುವ ಹಾಗೆ ಕಾಣುತ್ತಿಲ್ಲ. ನಾಡಿದ್ದು ವರಮಹಾಲಕ್ಷ್ಮಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಮಗು ಆಚೆ ಬರಬೇಕು ಅಂತ, ಬೇರೆ ಬೇರೆ ಆಸ್ಪತ್ರೆಗಳ ಓಟಿಗೆ (ಆಪರೇಷನ್ ಥಿಯೇಟರಿಗೆ) ಹೋಗಿ ಅರಿವಳಿಕೆ ಕೊಡುವ ನನಗೆ ಎರಡು ಊರಿಂದ ಎರಡು ಸಿಸೇರಿಯನ್ ಕರೆ. ಹೊತ್ತೂ ಒಂದೇ. ನಡುವೆ ಮೂವತ್ತು ಕಿಲೋಮೀಟರ್, ಮಲೆನಾಡಿನ ರಸ್ತೆ. ಒಂದನ್ನು ಬಿಡಲೇಬೇಕು. ಸ್ಪೈನಲ್ (ಬೆನ್ನಿಗೆ ಚುಚ್ಚುವ ಅರಿವಳಿಕೆ) ಕೊಟ್ಟು ಸರ್ಜನ್ ಕೈಗೆ ಬಿಟ್ಟು ಇನ್ನೊಂದು ಕಡೆ ಓಡುವವರಿದ್ದಾರೆ ಅನ್ನುತ್ತಾರೆ. ಟೇಬಲ್ ಮೇಲೆ ಪೇಷೆಂಟ್ ಇರುವಾಗ ಅರಿವಳಿಕೆಯವರು ಗೇಟು ದಾಟಕೂಡದು. ಅದರ ಬಗ್ಗೆ ಚರ್ಚೆಯೇ ಬೇಡ.

ಬರೆಯಲು ಕೂತಿದ್ದು ಅದಕ್ಕಲ್ಲ. ಅರಿವಳಿಕೆಯಲ್ಲಿ ಪಿಜಿ ಮುಗಿಸಿ ಈ ತಿಂಗಳಿಂದ ಕೇಸ್ ಲೆಕ್ಕದಲ್ಲಿ ಓಡಾಡುತ್ತಿರುವ ಹುಡುಗಿ ಸಂಜೆ ಫೋನ್ ಮಾಡಿದ್ದಳು. "ಬ್ಯಾಗಲ್ಲಿ ಏನೇನ್ ಇಟ್ಕೋಬೇಕು?" ಪಟ್ಟಿ ಒಪ್ಪಿಸಿದ್ದಾಯಿತು: ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಎರಡು ಹ್ಯಾಂಡಲ್, 3 ಮತ್ತು 4ರ ಬ್ಲೇಡು, ಹೊಸ ಸೆಲ್. ಉಸಿರುನಾಳಕ್ಕೆ ಹಾಕುವ 6.5, 7ರ ಟ್ಯೂಬು, ಅದಕ್ಕೆ ದಾರಿ ತೋರಿಸುವ ಬೂಜಿ, ಟ್ಯೂಬು ಹೋಗದಿದ್ದರೆ ಗಂಟಲಲ್ಲಿ ಕೂರಿಸುವ ಐ-ಜೆಲ್ 3 ಮತ್ತು 4. ಕೈಯಿಂದ ಹಿಂಡಿ ಉಸಿರು ಕೊಡುವ ಸ್ವಂತ ಆಂಬು ಬ್ಯಾಗ್. ಕೈಗೆಟುಕಿದರೆ, ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಕ್ಯಾಪ್ನೋಗ್ರಾಫ್; ಟ್ಯೂಬು ಅನ್ನನಾಳಕ್ಕೆ ಹೋಗಿದ್ದರೆ ಅದು ಕೆಲವೇ ಉಸಿರಲ್ಲಿ ಹೇಳಿಬಿಡುತ್ತದೆ, ಪಲ್ಸ್ ಆಕ್ಸಿಮೀಟರ್ ನಿಮಿಷಗಟ್ಟಲೆ ತಡ. ಸ್ನಾಯು ಸಡಿಲಿಸುವ ಮದ್ದುಗಳಲ್ಲಿ ಸ್ಕೋಲಿನ್, ಅಟ್ರಾಕ್ಯೂರಿಯಂ ಐಸ್ ಡಬ್ಬಿಯಲ್ಲಿ, ಎರಡಕ್ಕೂ 2ರಿಂದ 8 ಡಿಗ್ರಿ ಬೇಕು. ವೆಕ್ಯುರೋನಿಯಂ ಪುಡಿ, ಅದಕ್ಕೆ ಫ್ರಿಜ್ಜಿನ ಹಂಗಿಲ್ಲ. ನೋವಿನ ಮದ್ದು ಫೆಂಟನಿಲ್ ಮಾತ್ರ ಬ್ಯಾಗಿಗೆ ಬೇಡ. ಅದು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಮದ್ದು, ಮಾನ್ಯತೆ ಪಡೆದ ಆಸ್ಪತ್ರೆಯ ಬೀಗದೊಳಗೆ, ಅದರ ರಿಜಿಸ್ಟರಿನ ಲೆಕ್ಕದೊಳಗೆ ಇರಬೇಕಾದದ್ದು.

ಫೋನ್ ಇಟ್ಟ ಮೇಲೆ ಅನ್ನಿಸಿತು, ಉತ್ತರ ಪೂರ್ತಿ ಆಗಲಿಲ್ಲ. ಬ್ಯಾಗಿನಲ್ಲಿರುವುದು ನಮ್ಮದು, ನಮಗೆ ಗೊತ್ತಿರುವುದು. ಭಯವಿರುವುದು ಅವರ ಟ್ರೇಯಲ್ಲಿ. ಬೇರೆಯವರ ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿದ ಹಾಗೆ ಈ ಕೆಲಸ. ಉಪ್ಪಿನ ಡಬ್ಬಿ ಯಾವುದು, ಸೋಡಾಪುಡಿಯದ್ದು ಯಾವುದು, ಆ ಮನೆಯವರಿಗೆ ಮಾತ್ರ ಗೊತ್ತು.

ಸೋಡಾಪುಡಿ ಅಂದರೆ ಇಲ್ಲಿ ಟ್ರಾನೆಕ್ಸಾಮಿಕ್ ಆಸಿಡ್. ಹೆರಿಗೆಯ ರಕ್ತಸ್ರಾವಕ್ಕೆ ಮೂರು ಗಂಟೆಯೊಳಗೆ 1 ಗ್ರಾಂ ನರಕ್ಕೆ ಕೊಡಿ ಅಂತ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮೇಲೆ ಹೆರಿಗೆ ಓಟಿಗಳಲ್ಲಿ ಅದು ಕೈಗೆ ಸಿಗುವ ಹಾಗೆ ಇರುತ್ತದೆ. ಇರಲೇಬೇಕಾದ ಒಳ್ಳೆಯ ಮದ್ದು. ಆದರೆ 5 ಎಂಎಲ್‌ನ ಆ ಗಾಜಿನ ಆಂಪ್ಯೂಲೂ ಸ್ಪೈನಲ್‌ಗೆ ಕೊಡುವ 4 ಎಂಎಲ್‌ನ ಹೆವಿ ಬ್ಯುಪಿವಕೇನ್ ಆಂಪ್ಯೂಲೂ ಕೆಲವು ಕಂಪನಿಗಳಲ್ಲಿ ಅವಳಿ ಮಕ್ಕಳ ಹಾಗಿರುತ್ತವೆ. ಒಳಗಿನ ದ್ರವವೂ ನೀರಿನಷ್ಟೇ ತಿಳಿ. ಬೆನ್ನುಹುರಿಯ ನೀರಿಗೆ ಟ್ರಾನೆಕ್ಸಾಮಿಕ್ ಹೋದರೆ ಕಾಲು ಜೋಮು ಹಿಡಿಯುವುದಿಲ್ಲ. ಬದಲಿಗೆ ಬೆನ್ನು, ಪೃಷ್ಠದಲ್ಲಿ ಉರಿ, ತೊಡೆಯ ಸ್ನಾಯು ಎಳೆತ, ಆಮೇಲೆ ಫಿಟ್ಸು, ಹೃದಯದ ಲಯ ತಪ್ಪುವುದು. ವರದಿಯಾದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಜನ ಉಳಿದಿಲ್ಲ. 2022ರ ಮಾರ್ಚಿನಲ್ಲಿ ಅದೇ ಸಂಸ್ಥೆ ಎಚ್ಚರಿಕೆ ಹೊರಡಿಸಿತು: ಈ ಮದ್ದನ್ನು ಅರಿವಳಿಕೆಯ ಮದ್ದುಗಳ ಹತ್ತಿರ ಇಡಬೇಡಿ, ಆದಷ್ಟು ಓಟಿಯ ಹೊರಗೇ ಇಡಿ.

ದಿನಾ ಅದೇ ಓಟಿಯಲ್ಲಿರುವವರಿಗೆ ಟ್ರೇಯ ಯಾವ ಮೂಲೆಯಲ್ಲಿ ಏನಿದೆ ಎಂಬುದು ಕೈಗೇ ಗೊತ್ತಿರುತ್ತದೆ. ನಮ್ಮ ಕೈಗೆ ಗೊತ್ತಿರುವುದು ನಿನ್ನೆಯ ಊರಿನ ಟ್ರೇ. ಇಲ್ಲಿ ಕಳೆದ ವಾರ ಮೆಡಿಕಲ್ ಶಾಪಿನವರು ಕಂಪನಿ ಬದಲಿಸಿದ್ದಾರೋ ಏನೋ. ಹಾಗಾಗಿ: ಸ್ಪೈನಲ್ ಆಂಪ್ಯೂಲ್ ನಾವೇ ಎತ್ತಿಕೊಳ್ಳುವುದು, ಹೆಸರನ್ನು ಸಿಸ್ಟರ್‌ಗೆ ಕೇಳುವ ಹಾಗೆ ಗಟ್ಟಿಯಾಗಿ ಓದುವುದು, ಒಡೆಯುವ ಮುಂಚೆ ಒಮ್ಮೆ, ಸಿರಿಂಜಿಗೆ ಎಳೆಯುವಾಗ ಒಮ್ಮೆ. ಒಡೆದ ಆಂಪ್ಯೂಲ್ ಕೇಸ್ ಮುಗಿಯುವ ತನಕ ಕಸಕ್ಕೆ ಹೋಗಬಾರದು. ಐದು ನಿಮಿಷವಾದರೂ ಸ್ಪೈನಲ್ ಹತ್ತಿಲ್ಲ ಅಂದರೆ ಇನ್ನೊಂದು ಸೂಜಿಗೆ ಕೈ ಹಾಕುವ ಮುಂಚೆ ಆ ಒಡೆದ ಗಾಜನ್ನು ತೆಗೆದು ಓದಬೇಕು. ಬ್ಯುಪಿವಕೇನೇ ಆಗಿದ್ದರೆ ಇನ್ನೂ ಹತ್ತು ನಿಮಿಷ ಕಾಯಬಹುದು. ಅವಸರಪಟ್ಟು ಮತ್ತೆ ಪೂರ್ತಿ 2 ಎಂಎಲ್ ಹಾಕಿದರೆ ಎರಡೂ ಸೇರಿ ಜೋಮು ಕತ್ತಿನ ತನಕ ಏರುವ ಅಪಾಯವಿದೆ.

ಸಿಸ್ಟರ್ ಮೊದಲೇ ತುಂಬಿಟ್ಟ, ಹೆಸರಿಲ್ಲದ ಸಿರಿಂಜ್ ಮುಟ್ಟಬೇಡ ಅಂತ ಅವಳಿಗೆ ಹೇಳಿದ್ದೆ. ಯಾಕೆ ಅಂತ ಹೇಳಲಿಲ್ಲ. ಬಿಪಿ ಬಿದ್ದಾಗ ಕೊಡುವ ಫೆನಿಲೆಫ್ರಿನ್ 1 ಎಂಎಲ್‌ನಲ್ಲಿ 10 ಮಿಗ್ರಾಂ ಬರುತ್ತದೆ. ಅದನ್ನು 100 ಎಂಎಲ್ ಸಲೈನಿಗೆ ಹಾಕಿದರೆ ಎಂಎಲ್‌ಗೆ 100 ಮೈಕ್ರೋಗ್ರಾಂ, ಒಂದು ಸಲಕ್ಕೆ ಅರ್ಧದಿಂದ 1 ಎಂಎಲ್ ಸಾಕು. ಯಾರೋ 10 ಎಂಎಲ್ ಸಿರಿಂಜಿನಲ್ಲೇ ಕಲಸಿಟ್ಟಿದ್ದರೆ ಹತ್ತು ಪಟ್ಟು. ನೋಡಲು ಎರಡೂ ಒಂದೇ. ಅದೇ ಕೆಲಸದ ಇನ್ನೊಂದು ಮದ್ದು ಮೆಫೆಂಟರ್‌ಮಿನ್‌ಗೆ ಬೇರೆ ಲೆಕ್ಕ: 30 ಮಿಗ್ರಾಂನ 1 ಎಂಎಲ್ ಅನ್ನು 10 ಮಾಡಿ, ಒಮ್ಮೆಗೆ 2 ಎಂಎಲ್, ಅಂದರೆ 6 ಮಿಗ್ರಾಂ. ಒಂದು ಊರಲ್ಲಿ ಇದು, ಇನ್ನೊಂದರಲ್ಲಿ ಅದು. ತಲೆಯಲ್ಲಿ ಎರಡೂ ಲೆಕ್ಕ ಕಲಸಿಹೋಗಲು ರಾತ್ರಿ ಎರಡು ಗಂಟೆಯ ನಿದ್ದೆಗಣ್ಣು ಸಾಕು.

ಈಗ ಕರೆಂಟ್ ಹೋಯಿತು. ಮೊಬೈಲಿನಲ್ಲಿ ಬರೆಯುತ್ತಿದ್ದೇನೆ.

ಕರೆಂಟ್ ಅಂದರೆ ಅರಿವಳಿಕೆ ಕೊಡುವ ಹಳೇ ಬಾಯ್ಲ್ಸ್ ಮಷೀನಿನ ಮೇಲೆ ಪ್ರೀತಿ ಉಕ್ಕುತ್ತದೆ. ಅದಕ್ಕೆ ವಿದ್ಯುತ್ತಿನ ಗೊಡವೆಯಿಲ್ಲ. ಸಿಲಿಂಡರ್, ಅನಿಲದ ಹರಿವು ತೋರಿಸುವ ಬಾಬಿನ್, ಮದ್ದನ್ನು ಆವಿ ಮಾಡುವ ವೇಪರೈಸರ್, ಬ್ಯಾಗ್ ಹಿಂಡಲು ಕೈ. ಆಕ್ಸಿಜನ್ ಎಷ್ಟಿದೆ ಅನ್ನುವುದಕ್ಕೂ ಗೇಜ್ ನೋಡಿದರೆ ಸಾಕು: 10 ಲೀಟರ್ ನೀರು ಹಿಡಿಯುವ ಬಿ-ಟೈಪ್ ಸಿಲಿಂಡರಿನಲ್ಲಿ ಮುಳ್ಳು 50 ಬಾರ್ ತೋರಿಸಿದರೆ 500 ಲೀಟರ್, ನಿಮಿಷಕ್ಕೆ 5ರಂತೆ ನೂರು ನಿಮಿಷ. ನೈಟ್ರಸ್ ಆಕ್ಸೈಡ್‌ಗೆ ಈ ಲೆಕ್ಕ ನಡೆಯದು, ಅದು ಒಳಗೆ ದ್ರವವಾಗಿರುತ್ತದೆ, ಬಹುಪಾಲು ಖಾಲಿಯಾಗುವ ತನಕ ಮುಳ್ಳು ಅಲ್ಲಾಡುವುದಿಲ್ಲ. ಮಷೀನಿನಿಂದ ಪೇಷೆಂಟಿಗೆ ಹೋಗುವ, ಕೊಳವೆಯೊಳಗೆ ಕೊಳವೆಯಿರುವ ಬೇನ್ ಸರ್ಕ್ಯೂಟಿನ ಒಳಕೊಳವೆ ಕಳಚಿದೆಯಾ ಅಂತ ನೋಡಲು 2 ಎಂಎಲ್ ಸಿರಿಂಜಿನ ಪ್ಲಂಜರ್ ಸಾಕು. ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬಿಟ್ಟು ಪೇಷೆಂಟ್ ತುದಿಯಲ್ಲಿ ಒಳಕೊಳವೆಯನ್ನು ಅದರಿಂದ ಮುಚ್ಚಿದಾಗ ಬಾಬಿನ್ ಸ್ವಲ್ಪ ಕುಸಿಯಬೇಕು. ಕುಸಿಯದಿದ್ದರೆ ಒಳಗೆಲ್ಲೋ ಸೋರಿಕೆ, ಪೇಷೆಂಟ್ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾಳೆ. ಆ ಸರ್ಕ್ಯೂಟ್ ಬೇಡ. ಇಷ್ಟೆಲ್ಲ ಸರಿಯಿದ್ದೂ ಸ್ಪೇರ್ ಸಿಲಿಂಡರ್ ತಿರುಗಿಸುವ ಕೀ ಇರುವುದಿಲ್ಲ. ವಾರ್ಡ್ ಬಾಯ್ ಜೇಬಿನಲ್ಲಿರುತ್ತದೆ, ಅವನು ಊಟಕ್ಕೆ ಹೋಗಿರುತ್ತಾನೆ.

ಊಟ ಅಂದಾಗ ನೆನಪಾಯಿತು. ಪೇಷೆಂಟನ್ನು "ಊಟ ಮಾಡಿದೀರಾ?" ಅಂತ ಕೇಳಬಾರದು. "ಇಲ್ಲ" ಅನ್ನುತ್ತಾರೆ, ಸುಳ್ಳೂ ಅಲ್ಲ. ಎರಡು ಇಡ್ಲಿ, ಒಂದು ಲೋಟ ಹಾಲು ಕಾಫಿ ನಮ್ಮವರ ಲೆಕ್ಕದಲ್ಲಿ ಊಟವಲ್ಲ. ಅನ್ನ ಉಂಡರೆ ಊಟ. "ಬೆಳಿಗ್ಗೆಯಿಂದ ಬಾಯಿಗೆ ಏನೇನು ಹೋಯ್ತು, ಎಷ್ಟೊತ್ತಿಗೆ?" ಅಂತ ಕೇಳಬೇಕು, ಅತ್ತೆಯನ್ನೂ ಕೇಳಬೇಕು. ಅರಿವಳಿಕೆಗೆ ಮುಂಚೆ ಗಟ್ಟಿ ಆಹಾರಕ್ಕೆ ಆರು ಗಂಟೆ ಬಿಡುವು, ತಿಳಿನೀರಿಗೆ ಎರಡು. ಹಾಲು ತಿಳಿನೀರಲ್ಲ. ಶುಕ್ರವಾರ ಪೂಜೆಯ ಮನೆಯಿಂದ ಪಂಚಾಮೃತ ಬಂದಿರುತ್ತದೆ, ಅದನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ದುಡ್ಡಿನ ಮಾತನ್ನೂ ಅವಳು ಕೇಳಿದಳು, ಸಂಕೋಚದಿಂದ. ಆಸ್ಪತ್ರೆ 10 ಪರ್ಸೆಂಟ್ ಟಿಡಿಎಸ್ ಹಿಡಿದುಕೊಂಡರೆ ಅದು ತೆರಿಗೆ ಇಲಾಖೆಯಲ್ಲಿರುವ ನಮ್ಮ ಲೆಕ್ಕದ ಪಟ್ಟಿಯಲ್ಲಿ ಕಾಣುತ್ತದಾ ಅಂತ ಮೂರು ತಿಂಗಳಿಗೊಮ್ಮೆ ನೋಡಬೇಕು. ಹಿಡಿದದ್ದೆಲ್ಲ ಕಟ್ಟಿರುತ್ತಾರೆ ಅಂತೇನಿಲ್ಲ. ವೃತ್ತಿಯವರಿಗಿರುವ ಅಂದಾಜು ಲೆಕ್ಕದಲ್ಲಿ ಬಂದ ಫೀಸಿನ ಅರ್ಧವನ್ನು ಆದಾಯವೆಂದು ತೋರಿಸುವವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಕೇಸಿನ ತಾರೀಖು, ಒಳರೋಗಿಯ ಐಪಿ ನಂಬರು, ಶುರುವಾದ ಹೊತ್ತು, ಮುಗಿದ ಹೊತ್ತು ಸ್ವಂತ ಡೈರಿಯಲ್ಲೂ ಇರಲಿ. ದುಡ್ಡಿಗೂ ಬೇಕು, ನಾಳೆ ಕೋರ್ಟಿಗೂ ಬೇಕು.

ಕೇಸ್ ಮುಗಿಸಿ ಹೊರಟ ಮೇಲಿನ ಎರಡು ಗಂಟೆಯ ಬಗ್ಗೆ ಹೇಳುವುದು ಉಳಿಯಿತು. ಬಿಪಿಯನ್ನು ಎಷ್ಟು ನಿಮಿಷಕ್ಕೊಮ್ಮೆ ನೋಡಬೇಕು, ಎಷ್ಟಕ್ಕಿಳಿದರೆ ಯಾರನ್ನು ಕರೆಯಬೇಕು, ಎಲ್ಲ ಕೇಸ್ ಶೀಟಿನಲ್ಲಿ ಅಂಕಿಯಲ್ಲಿ ಬರೆಯಬೇಕು, 'ವಾಚ್ ಮಾಡಿ' ಅಂತಲ್ಲ. ಫೋನ್ ನಂಬರೂ ಅಲ್ಲೇ. ಸ್ಪೈನಲ್ ಸೂಜಿಯ ತಲೆನೋವು ಸಾಮಾನ್ಯವಾಗಿ ಮಾರನೇ ದಿನವೋ ಮೂರನೇ ದಿನವೋ ಶುರುವಾಗುತ್ತದೆ, ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಅಷ್ಟು ಹೊತ್ತಿಗೆ ಕೊಟ್ಟವರು ಇನ್ಯಾವುದೋ ಊರಲ್ಲಿ.

ಮೆಸೇಜ್ ಬಂತು. ನಾನು ಬಿಟ್ಟ ಆ ಶುಕ್ರವಾರದ ಕೇಸಿಗೆ ಅವಳನ್ನೇ ಕರೆದಿದ್ದಾರಂತೆ, "ಹೋಗ್ಲಾ?" ಅಂತ ಕೇಳಿದ್ದಾಳೆ. ಹೋಗಬಹುದು. ಆದರೆ ಆ ಓಟಿಯಲ್ಲಿ ಸ್ಪೈನಲ್ ಟ್ರೇಯೂ ರಕ್ತಸ್ರಾವದ ಮದ್ದುಗಳೂ ಒಂದೇ ಗಾಜಿನ ಕಪಾಟಿನಲ್ಲಿ, ಮೇಲಿನ ಹಲಗೆಯಲ್ಲಿ, ಮತ್ತೆ ಸಿಲಿಂಡರ್ ಕೀ ವಾರ್ಡ್ ಬಾಯ್ ಜೇಬಿನಲ್ಲಿ.