ಚಿಕ್ಕಪ್ಪನ ಲ್ಯಾಪ್‌ಟಾಪೂ ಹಠಮಾರಿ ಸ್ಕ್ರೂವೂ
ಹಬ್ಬಕ್ಕೆ ಅಂತ ದಾವಣಗೆರೆಗೆ ಹೋಗಿದ್ದೆ, ಊಟ ಆದ್ಮೇಲೆ ಕೈ ತೊಳೆಯೋಕೂ ಬಿಡದೆ ಚಿಕ್ಕಪ್ಪ ಲ್ಯಾಪ್‌ಟಾಪ್ ತಂದು ಮುಂದೆ ಇಟ್ರು, ಫ್ಯಾನು ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತೆ ನೋಡು ಅಂತ. ಹಿಂದಿನ ಕವರ್ ಬಿಚ್ಚಿ ಧೂಳು ಹೊಡೆದ್ರೆ ಸರಿಹೋಗುತ್ತೆ. ಸ್ಕ್ರೂಗಳೆಲ್ಲ ಸಲೀಸಾಗಿ ಬಂದ್ವು, ಮಧ್ಯದ್ದೊಂದು ಬಿಟ್ಟು. ಹಿಂದೆ ಯಾವುದೋ ಅಂಗಡೀಲಿ ರ‍್ಯಾಮ್ ಹಾಕಿಸಿದ್ರಂತೆ, ಆ ಪುಣ್ಯಾತ್ಮ ಏನು ಹಾಕಿ ತಿರುಗಿಸಿದ್ನೋ ಏನೋ, ತಲೆ ಮೇಲಿನ ಪ್ಲಸ್ ಆಕಾರದ ಸ್ಟಾರ್ ಗುರುತೇ ಇಲ್ಲ, ಗುಂಡಗೆ ತೂತಾಗಿದೆ ಅಷ್ಟೇ.

"ಜೋರಾಗಿ ತಿರುವಲೇ, ಈಗ ತಾನೇ ಹೋಳಿಗೆ ತಿಂದೀಯಲ್ಲ" ಅಂದ್ರು ಚಿಕ್ಕಪ್ಪ.

ಜೋರಾಗಿ ತಿರುವಿದ್ದಕ್ಕೇ ಅದು ಹಂಗಾಗಿದ್ದು ಚಿಕ್ಕಪ್ಪಾ. ಈ ಸ್ಟಾರ್ ಗುಳಿಯ ಒಳಗೋಡೆ ಇಳಿಜಾರಾಗಿರುತ್ತೆ, ಕೆಳಕ್ಕೆ ಒತ್ತದೆ ಬರೀ ತಿರುಗಿಸಿದ್ರೆ ಸ್ಕ್ರೂಡ್ರೈವರ್ ತುದಿ, ಅಂದ್ರೆ ಬಿಟ್, ತಾನೇ ಮೇಲಕ್ಕೆ ಎದ್ದು ಬರುತ್ತೆ, ಬರುವಾಗ ಅಂಚನ್ನೂ ಕೆರ್ಕೊಂಡು ಬರುತ್ತೆ. ಹೆನ್ರಿ ಫಿಲಿಪ್ಸ್ ಅನ್ನೋರು 1936ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ್ರು, ಬಿಟ್ ತಾನಾಗೇ ನಡುಮಧ್ಯಕ್ಕೆ ಕೂರುತ್ತೆ ಅಂತ ಅಮೆರಿಕದ ಕಾರ್ ಫ್ಯಾಕ್ಟರಿಗಳಿಗೆ ಸಿಕ್ಕಾಪಟ್ಟೆ ಹಿಡಿಸಿಬಿಡ್ತು, ಬಿಚ್ಚೋರ ಗೋಳು ಯಾರಿಗೆ ಬೇಕಿತ್ತು.

ಸ್ಕ್ರೂಗೂ ಬಿಟ್ಟಿಗೂ ಮಧ್ಯೆ ಇಟ್ಟು ತಿರುಗಿಸು ಅಂತ ಚಿಕ್ಕಮ್ಮ ರಬ್ಬರ್ ಬ್ಯಾಂಡ್ ಕೊಟ್ರು, ಅವರೂ ವಿಡಿಯೋ ನೋಡಿದ್ದಾರೆ. ದೊಡ್ಡ ಸ್ಕ್ರೂಗೆ ಆ ಉಪಾಯ ನಡೆಯುತ್ತೆ, ಇಷ್ಟು ಚಿಕ್ಕ ಗುಳಿಗೆ ರಬ್ಬರೇ ತುಂಬ್ಕೊಂಡು ಬಿಟ್‌ಗೆ ಜಾಗಾನೇ ಇರಲ್ಲ. ಬಿಟ್ಟನ್ನ ಸ್ಕ್ರೂಗೆ ಅಂಟಿಸೋಕೆ ಫೆವಿಕ್ವಿಕ್ಕೂ ಬೇಡ ಅಂದೆ, ಸಂದಿಗೆ ಇಳಿದ್ರೆ ಕವರ್ ಸಮೇತ ಅಂಟ್ಕೊಳ್ಳುತ್ತೆ. ಡ್ರಿಲ್ಲಂತೂ ಮುಟ್ಟಲ್ಲ, ಬ್ಯಾಟರಿ ಒಳಗಡೆ ಇದೆ, ಕವರ್ ತೆಗೆಯದೆ ಕನೆಕ್ಟರ್ ಬಿಚ್ಚಂಗಿಲ್ಲ, ಒಂದು ಲೋಹದ ಚೂರು ಬೋರ್ಡ್ ಮೇಲೆ ಬಿದ್ದು ಶಾರ್ಟ್ ಆದ್ರೆ ಕಥೆ ಮುಗೀತು.

ಬಿಚ್ಚಿಟ್ಟಿದ್ದ ಸ್ಕ್ರೂಗಳನ್ನ ತಿರುಗಿಸಿ ನೋಡಿದ್ರೆ ಥ್ರೆಡ್ ಮೇಲೆ ನೀಲಿ ಅಂಟಿನ ಪದರ. ಅಲುಗಾಟಕ್ಕೆ ಸಡಿಲ ಆಗ್ಬಾರ್ದು ಅಂತ ಫ್ಯಾಕ್ಟರೀಲೇ ಹಚ್ಚಿರ್ತಾರೆ, ಬಿಸಿ ತಾಗಿದ್ರೆ ಅದರ ಹಿಡಿತ ಕಮ್ಮಿ ಆಗುತ್ತೆ. ಪಕ್ಕದ್ಮನೆ ಡಿಪ್ಲೊಮಾ ಹುಡುಗನ ಹತ್ರ ಸೋಲ್ಡರಿಂಗ್ ಐರನ್ ಇತ್ತು, ತರಿಸಿ ಅದರ ತುದೀನ ಸ್ಕ್ರೂ ತಲೆ ಮೇಲೆ ಇಟ್ಟೆ, ಸ್ವಲ್ಪ ಹೊತ್ತು ಮಾತ್ರ, ಯಾಕಂದ್ರೆ ಸ್ಕ್ರೂ ಹಿಡ್ಕೊಂಡಿರೋ ಹಿತ್ತಾಳೆ ನಟ್ಟು ಕೂತಿರೋದೇ ಪ್ಲಾಸ್ಟಿಕ್‌ನಲ್ಲಿ, ಅದು ಕರಗಿದ್ರೆ ನಟ್ಟೂ ಸ್ಕ್ರೂ ಜೊತೆ ಗಿರಗಿರ ತಿರುಗುತ್ತೆ, ಆಮೇಲೆ ದೇವ್ರೇ ಗತಿ.

ಆಮೇಲೆ ಆರು ಮೂಲೆಯ ಟಾರ್ಕ್ಸ್ ಬಿಟ್, ಗುಳಿಗಿಂತ ಕೂದಲೆಳೆ ದಪ್ಪದ್ದು. ಚಿಕ್ಕಪ್ಪ ಅಷ್ಟರಲ್ಲಿ ಸುತ್ತಿಗೆ ಹಿಡ್ಕೊಂಡು ರೆಡಿ! ಒಳಗಿರೋದು ಹಳೇ ತಿರುಗೋ ಹಾರ್ಡ್‌ಡಿಸ್ಕು, ಅದರ ಪಕ್ಕ ಸುತ್ತಿಗೆ ಆಡಿಸೋದಾ. ಅಂಗೈ ಊರಿ, ಮೈಭಾರ ಎಲ್ಲ ಬಿಟ್ಟು ಒತ್ತಿದೆ, ಬಿಟ್ ಕಚ್ಕೊಳ್ತು, ಒತ್ತಿದ ಹಾಗೇ ನಿಧಾನಕ್ಕೆ ತಿರುಗಿಸಿದ್ರೆ ಟಕ್ ಅಂತ ಸದ್ದು. ಸ್ಕ್ರೂ ಎಲ್ಲಿ ಮುರೀತೋ ಅಂತ ಕಣ್ಣು ಮುಚ್ಕೊಂಡೆ, ಮುರಿದಿರ್ಲಿಲ್ಲ, ಬಿಟ್ಟಿತ್ತು.

ಒಳಗೆ ಬಿಸಿ ಹೊರಹಾಕೋ ಹೀಟ್‌ಸಿಂಕ್ ಸಂದೀಲಿ ಧೂಳು ಕಂಬಳಿ ಹಾಗೆ ಕೂತಿತ್ತು, ಬ್ರಷ್‌ನಲ್ಲಿ ತೆಗೆದೆ, ಅದೇನೂ ದೊಡ್ಡ ಕೆಲಸ ಅಲ್ಲ. ಆ ಸ್ಕ್ರೂ ವಾಪಸ್ ಹಾಕ್ಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕಿ ಮುಂದಿನ ಸಲ ಬರುವಾಗ ತರ್ತೀನಿ ಅಂದೆ.

"ಹಂಗಾದ್ರೆ ಪ್ರಿಂಟರೂ ಅವಾಗ್ಲೇ ನೋಡ್ಬಿಡು" ಅಂದ್ರು ಚಿಕ್ಕಪ್ಪ.